ತಾಟಿನ ಹಿಂದಿನ ಹೆಸರು

ಪಂಚಮಿಯ ಉಂಡಿಗೆಂದು ಶೇಂಗಾ ಹುರಿಯುತ್ತಿದ್ದ ಕರಿಯವ್ವ, ಸೊಸೆಯ ಕೈಯಲ್ಲಿದ್ದ ಹೊಸ ಡಬ್ಬಿ ನೋಡಿದ್ದೇ ತಡ, ಒಲೆ ಸಣ್ಣ ಮಾಡಿ ಎದ್ದು ಬಂದಳು.

“ಇದೆಲ್ಲಿದವಾ?”

“ಡಿಪೋದ್ದು ರೀ ಅತ್ತಿ. ಉಂಡಿ ಇಡಾಕ ಬೇಕಾಗಿತ್ತಲ್ಲ, ತಂದೆ.”

“ನಮ್ಮದು ಏನಂಗಡಿ?”

ಪ್ರಿಯಾಂಕಾ ಸೆರಗಿನಿಂದ ಡಬ್ಬಿಯ ಮುಚ್ಚಳ ಒರೆಸುತ್ತ ನಿಂತಳು.

“ಹೇಳವಾ, ಏನಂಗಡಿ?”

“ಬಾಂಡೆ ಅಂಗಡಿ ರೀ.”

“ಬಾಂಡೆ ಅಂಗಡಿ ಮನಿ ಸೊಸಿ, ಮಂದಿ ಅಂಗಡಿ ಡಬ್ಬಿ ಹಿಡಕೊಂಡು ಪ್ಯಾಟಿ ತುಂಬ ಅಡ್ಡಾಡಿ ಬಂದಿ. ನೋಡಿದ ಮಂದಿ ಏನಂದಾರು?”

“ಮಂದೀನೂ ಅಲ್ಲೇ ಇದ್ರು ರೀ. ಅವರೂ ಡಬ್ಬೀನ ತಗೊಳ್ಳಾಕತ್ತಿದ್ರು.”

ಕರಿಯವ್ವ ಮಾತಿನಲ್ಲಿ ಸೋತಾಗ ಯಾವಾಗಲೂ ಮಾಡುವುದನ್ನೇ ಮಾಡಿದಳು, ಒಲೆಯ ಮೇಲಿನದು ಸೀದು ಹೋದೀತು ಎಂದು ಒಳಗೆ ಹೋದಳು. ಶೇಂಗಾ ಆಗಲೇ ಸೀದಿತ್ತು.

ರಾಣೆಬೆನ್ನೂರಿನವರು ಈಗ ಡಿಪೋ ಎಂದರೆ ಬಸ್ಸಿನ ಡಿಪೋ ಅಲ್ಲ. ಪೇಟೆಯ ತಿರುವಿನಲ್ಲಿ ವರ್ಷಗಟ್ಟಲೆ ಬೀಗ ಹಾಕಿಕೊಂಡು ಬಿದ್ದಿದ್ದ ಬೀಜದ ಗೋದಾಮಿಗೆ ಸುಣ್ಣ ಬಳಿಸಿ, ಸಾಲು ಟ್ಯೂಬ್‌ಲೈಟು ಹಾಕಿಸಿ, ಹುಬ್ಬಳ್ಳಿಯ ಅಸ್ಲಮ್ ಎಂಬಾತ ಆಷಾಢದ ಕೊನೆಯ ವಾರ ಅಂಗಡಿ ತೆರೆದಿದ್ದ. ‘ಬಂದ್ ಆದ ಕಂಪನಿಗಳ ಮಾಲು, ಉಳಿದ ಮಾಲು, ತಿರುಗಿ ಬಂದ ಮಾಲು, ಅರ್ಧಕ್ಕಿಂತ ಕಡಿಮೆ ದರ’ ಎಂದು ಗೋದಾಮಿನ ಉದ್ದಕ್ಕೂ ಬ್ಯಾನರು. ಚಪ್ಪಲಿ, ಚಾದರ, ಬಕೀಟು, ಶಾಲೆ ಚೀಲ, ಫ್ಯಾನು, ಸ್ಟೀಲಿನ ಪಾತ್ರೆ ಬಾಂಡೆ, ಯಾವುದು ಬೇಕು ಯಾವುದು ಬೇಡ. ಎಲ್ಲೋ ಬಾಗಿಲು ಹಾಕಿದ ಹತ್ತು ಅಂಗಡಿ ಇಲ್ಲಿ ಒಟ್ಟಿಗೆ ಬಾಗಿಲು ತೆರೆದಿದ್ದವು. ಮೊದಲ ದಿನ ಮೊದಲು ಬಂದ ನೂರು ಮಂದಿಗೆ ಪ್ಲಾಸ್ಟಿಕ್ ಮಗ್ಗು ಪುಕ್ಕಟೆ. ಆ ಸರದಿಯಲ್ಲಿ ಕರಿಯವ್ವನ ಗಂಡ ಮಾಲತೇಶಪ್ಪನೂ ನಿಂತಿದ್ದ. ಮಗ್ಗನ್ನು ಟವೆಲ್ಲಿನಲ್ಲಿ ಸುತ್ತಿ ತಂದು ಬಚ್ಚಲಲ್ಲಿ ಹಳೆಯ ಬಕೀಟಿನ ಹಿಂದೆ ಇಟ್ಟಿದ್ದ. ಕರಿಯವ್ವ ಅದನ್ನು ಅವತ್ತೇ ನೋಡಿದ್ದಳು, ಸುಮ್ಮನಿದ್ದಳು.

ಡಿಪೋದ ಎದುರು ಸಾಲಿನಲ್ಲಿ, ನಾಲ್ಕು ಬಾಗಿಲು ಈಚೆ, ಇವರ ಅಂಗಡಿ. ಬೋರ್ಡಿನ ಮೇಲೆ ಮಾಲತೇಶಪ್ಪನ ಹೆಸರು. ಒಳಗೆ ಬಾಗಿಲ ಪಕ್ಕದ ಮಣೆಯ ಮೇಲೆ ಕರಿಯವ್ವ. ಈ ಕಡೆ ಮದುವೆಗೆ ಮುಯ್ಯಿ, ಅಂದರೆ ಉಡುಗೊರೆ, ಕೊಡುವುದೆಂದರೆ ಬಾಂಡೆ, ಬಾಂಡೆ ಎಂದಮೇಲೆ ಅದರ ಮೇಲೆ ಕೊಟ್ಟವರ ಹೆಸರು ಇರಲೇಬೇಕು. ಹತ್ತು ವರ್ಷದ ಮೇಲೆ ಕೊಟ್ಟವರ ಮನೆಯಲ್ಲಿ ಮದುವೆ ಬಂದಾಗ, ಅಟ್ಟದಿಂದ ಕೊಡ ಇಳಿಸಿ, ಹೆಸರು ನೋಡಿ, ತೂಕ ನೋಡಿ, ಅಂಥದ್ದೇ ತಿರುಗಿ ಕೊಡುವುದು ಪದ್ಧತಿ. ಕಾಗಿನೆಲೆಯಲ್ಲಿ ಏಳನೆಯ ತರಗತಿ ಓದಿ ಸೊಸೆಯಾಗಿ ಬಂದ ಕರಿಯವ್ವ, ಅಂಗಡಿಯಲ್ಲಿ ಹೆಸರು ಹಾಕುತ್ತಿದ್ದವನು ಹೇಳದೆ ಕೇಳದೆ ಕೆಲಸ ಬಿಟ್ಟು ಹೋದ ದಿನ ಅವನ ಉಳಿ ಸುತ್ತಿಗೆ ಎತ್ತಿಕೊಂಡವಳು ಮೂವತ್ತೊಂದು ವರ್ಷ ಕೆಳಗಿಟ್ಟಿರಲಿಲ್ಲ. ಈಗ ಉಳಿಯ ಬದಲು ಕರೆಂಟಿನ ಮಷಿನ್ನು, ಅಷ್ಟೇ. ಸುತ್ತ ಹದಿನೈದು ಹಳ್ಳಿಯ ಅಡುಗೆಮನೆಗಳಲ್ಲಿ ಯಾವ ತಾಟು ಎತ್ತಿದರೂ ಅವಳ ಅಕ್ಷರವೇ.

ಅವಳದೊಂದು ನೇಮವಿತ್ತು. ತಮ್ಮ ಅಂಗಡಿಯ ಬಾಂಡೆಗೆ ಪುಕ್ಕಟೆ ಹೆಸರು. ಬೇರೆ ಅಂಗಡಿಯ ಬಾಂಡೆಗೆ ಎಷ್ಟು ಕೊಟ್ಟರೂ ಇಲ್ಲ.

ಪಂಚಮಿ ಮುಗಿದ ಮೇಲೆ ಒಂದು ಸಂಜೆ ಊಟಕ್ಕೆ ಕೂತಾಗ ಮಗ ಕಿರಣಕುಮಾರ ರೊಟ್ಟಿ ಮುರಿಯುತ್ತ ಗಂಟಲು ಸರಿಮಾಡಿಕೊಂಡ. ಎಣ್ಣೆಗಾಯಿ ಬದನೆಕಾಯಿ ಅವನಿಗೆ ಪ್ರಾಣ. ಅದನ್ನು ಮುಟ್ಟದೆ ಮಾತು ತೆಗೆದನೆಂದರೆ ಮಾತು ದೊಡ್ಡದೇ ಇರಬೇಕು.

“ಅವ್ವಾ, ಅಸ್ಲಮ್ ಭಾಯ್ ನನ್ನ ಕರದಾರ. ಸೂಪರ್‌ವೈಸರ್ ಅಂತ. ಒಂದನೇ ತಾರೀಖಿಗೆ ಬಾ ಅಂದಾರ.”

“ಹೋಗು. ಅಂಗಡ್ಯಾಗ ಕುಂತು ಮೊಬೈಲ್ ತಿಕ್ಕೋಕಿಂತ ಚಲೋ ಆತು.”

“ಅದಲ್ಲ. ನಮ್ಮ ಅಂಗಡಿ... ಹಾವೇರಿಯವ ಒಬ್ಬ ಮೊಬೈಲ್ ಅಂಗಡಿ ಹಾಕಾಕ ಜಾಗ ಹುಡುಕಾಕತ್ತಾನ. ಚಲೋ ಬಾಡಿಗಿ ಕೊಡ್ತಾನ. ಬಾಂಡೆ ಯಾರ ತಗೋತಾರ ಈಗ? ನೀ ಮನ್ಯಾಗ ಆರಾಮ ಇರು.”

“ಆರಾಮ ಅಂದ್ರ ಏನಪಾ? ಮುಂಜಾನೆ ಸಂಜಿ ನಿಮಗ ರೊಟ್ಟಿ ಬಡಿಯೋದು?”

“ಯಾಕ ಹಂಗ ಮಾತಾಡ್ತಿ? ನಿನಗ ವಯಸ್ಸಾತು, ಕಣ್ಣಿಗೆ ತ್ರಾಸ ಅಂತ ಹೇಳಿದೆ.”

“ನನ್ನ ಕಣ್ಣ ಚಲೋ ಅದಾವ. ನಿನ್ನ ತಾಟಿನ್ಯಾಗ ಬದನಿಕಾಯಿ ಉಳದದ್ದು ಕಾಣತೈತಿ. ಉಣ್ಣು.”

ಕಿರಣನಿಗೂ ಸಿಟ್ಟು ಬಂತು. “ಅಂಗಡಿ ಅಪ್ಪನ ಹೆಸರಲೆ ಐತಿ. ಅಪ್ಪ ಹೂಂ ಅಂದ್ರ ಮುಗೀತು. ನಿಂದೇನೈತಿ ಅಲ್ಲಿ? ಒಂದು ಮಣಿ, ಒಂದು ಮಷಿನ್ನು.”

ಪ್ರಿಯಾಂಕಾ ನೀರಿನ ಚರಿಗೆ ಇಡುತ್ತಿದ್ದವಳು ಅಲ್ಲೇ ನಿಂತಳು. ಎಲ್ಲರೂ ಮಾಲತೇಶಪ್ಪನ ಕಡೆ ನೋಡಿದರು. ಅವನು ಇನ್ನೊಂದು ಚಮಚ ಪಲ್ಯ ಹಾಕಿಸಿಕೊಂಡ.

“ಕಿರಣ ಹೇಳೋದೂ ಖರೇ ಐತಿ,” ಎಂದ. “ನೀ ಹೇಳೋದೂ ಸುಳ್ಳಲ್ಲ.”

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಮಾಲತೇಶಪ್ಪನನ್ನು ಮೀರಿಸುವವರು ಜಿಲ್ಲೆಯಲ್ಲೇ ಇರಲಿಲ್ಲ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವನು ಒಂದು ಕಡೆ ವಾಲಿದ್ದು ಮಲಗುವಾಗ ಮಾತ್ರ.

“ದೀಪಾವಳಿ ತನಕ ಟೈಮ್ ಕೊಡ್ರಿ,” ಎಂದಳು ಕರಿಯವ್ವ. “ಅಲ್ಲೀತನಕ ಅಂಗಡಿ ನಡಸಿ ತೋರಸ್ತೇನಿ. ಆಗಲಿಲ್ಲಂದ್ರ ಕೀಲಿಕೈ ನಾನ ಕೊಡ್ತೇನಿ.”

ಹೇಳುವಾಗ ಧ್ವನಿ ಗಟ್ಟಿಯಾಗಿಯೇ ಇತ್ತು. ಆದರೆ ಪಾತ್ರೆ ತೊಳೆಯುವಾಗ ಅವಳಿಗೆ ಖರೇನೇ ಹೆದರಿಕೆಯಾಯಿತು. ಮಣೆ ಹೋದರೆ ತಾನು ಯಾರು ಎಂದು ಕೇಳಿದರೆ ಹೇಳಲು ಏನೂ ಇರುವುದಿಲ್ಲವಲ್ಲ ಎಂದು ಹೆದರಿಕೆ.

ಶ್ರಾವಣದಲ್ಲಿ ಮದುವೆಗಳು ಶುರುವಾದವು, ಬಾಂಡೆಯ ಗಿರಾಕಿಗಳೂ ಬಂದರು. ಬಂದದ್ದು ಡಿಪೋಕ್ಕೆ. ಅಲ್ಲಿ ಕೊಂಡು, ಚಮಕಿ ಕಾಗದ ಪುಕ್ಕಟೆ ಸುತ್ತಿಸಿಕೊಂಡು, ಆಮೇಲೆ ಹೆಸರು ಹಾಕಿಸಲು ರಸ್ತೆ ದಾಟಿ ಕರಿಯವ್ವನ ಮುಂದೆ ಬಂದು ನಿಲ್ಲುತ್ತಿದ್ದರು. ಮೊದಲು ಬಂದವಳು ಐರಣಿಯ ಶಾರದವ್ವ. ಬಸ್ಸಿನಲ್ಲಿ ತುಳಿದಾಟವಾಗಿ ಅರ್ಧ ಬೆವರಿದ್ದಳು, ಕಂಕುಳಲ್ಲಿ ಆರು ಆರು ತಾಟಿನ ಎರಡು ಬಾಕ್ಸು.

“ಮಗನ ಮದುವಿ ಐತ್ರಿ, ತುಳಸಿ ಲಗ್ನ ಆದ ಮ್ಯಾಲ. ಬೀಗರಿಗೆ ಕೊಡಾಕ ತಾಟ ತಂದೇನಿ. ಮಗಂದು ಸೊಸೀದು ಹೆಸರ ಹಾಕಿ ಕೊಡ್ರಿ.” ಹೆಸರು ಬರೆದ ಚೀಟಿಯನ್ನೂ ಮುಂದೆ ಹಿಡಿದಳು.

“ತಾಟ ಎಲ್ಲಿ ತಂದೀರಿ?”

“ಇಲ್ಲೇ ಡಿಪೋದಾಗ.”

“ಹಂಗಾರ ಅಲ್ಲೇ ಹಾಕಸ್ರಿ.”

“ಅಲ್ಲಿ ಹಾಕಂಗಿಲ್ಲಂತ್ರಿ.”

“ನಾನೂ ಹಾಕಂಗಿಲ್ರಿ.”

ಕರಿಯವ್ವ ಚೀಟಿ ಓದಲಿಲ್ಲ, ಬಾಕ್ಸು ತೆರೆಯಲಿಲ್ಲ, ಒಂದು ತಾಟನ್ನು ತಿರುವಿ ನೋಡಲಿಲ್ಲ. ಮುಖ ತಿರುಗಿಸಿ ಮಷಿನ್ನಿಗೆ ಎಣ್ಣೆ ಬಿಡುತ್ತ ಕೂತಳು. ಶಾರದವ್ವ ಬಾಕ್ಸು ಎತ್ತಿಕೊಂಡು, “ಬಾಳ ಧಿಮಾಕ ಐತಿ ಬಿಡವಾ” ಎಂದು ಹೋದಳು. ಆ ತಿಂಗಳಲ್ಲಿ ಹೀಗೆ ಹದಿನೇಳು ಮಂದಿ ತಿರುಗಿ ಹೋದರು. ಹೋದವರು ಸಂತೆಯಲ್ಲಿ ಸಿಕ್ಕರೂ ಮಾತಾಡಿಸುವುದನ್ನು ಬಿಟ್ಟರು.

“ಹಾಕಿ ಕೊಟ್ರ ಏನಾಗತೈತ್ರಿ ಅತ್ತಿ?” ಎಂದು ಪ್ರಿಯಾಂಕಾ ಒಂದು ದಿನ ಕೇಳಿದಳು. ಅವಳು ಮನೆಯಲ್ಲಿ ಸೀರೆಗೆ ಫಾಲ್ ಹಚ್ಚಿ ಕೊಡುತ್ತಿದ್ದಳು. “ನಾ ಯಾರ ಸೀರಿ ಎಲ್ಲಿ ತಂದಾರ ಅಂತ ಕೇಳ್ತೇನೇನ್ರಿ?”

“ಸೀರಿ ಬ್ಯಾರೆ, ಬಾಂಡೆ ಬ್ಯಾರೆ,” ಎಂದಳು ಕರಿಯವ್ವ. ಹೇಗೆ ಬೇರೆ ಎಂದು ಸೊಸೆ ಕೇಳದೆ ಬಿಟ್ಟದ್ದು ಅವಳ ಪುಣ್ಯ.

ಶ್ರಾವಣದ ಕೊನೆಯ ವಾರ ಅಗಡಿಯಲ್ಲಿ ಪ್ರಿಯಾಂಕಾಳ ತಂಗಿ ದೀಪಿಕಾಳ ಮದುವೆ. ನಾಲ್ವರೂ ಹೋದರು. ಅಕ್ಕಿಕಾಳು ಬಿದ್ದು, ಮೊದಲ ಪಂಕ್ತಿ ಉಂಡು ಎದ್ದಮೇಲೆ ಮೈಕಿನ ಮುಂದೆ ಮುಯ್ಯಿ ಓದಲು ಅಜ್ಜಪ್ಪ ಮಾಸ್ತರು ಕೂತರು. ಮಾಸ್ತರು ರಿಟೈರಾಗಿ ಹದಿನೆಂಟು ವರ್ಷ. ಹಿಂದೊಮ್ಮೆ ಬಾಯಿಮಾತು ನಂಬಿ ಒಬ್ಬರ ಹಂಡೆಯನ್ನು ಇನ್ನೊಬ್ಬರ ಹೆಸರಿಗೆ ಓದಿ ಎರಡು ಮನೆತನಗಳ ನಡುವೆ ಜಗಳ ಹಚ್ಚಿದವರು. ಅಂದಿನಿಂದ ಕಾಗದ ಬಿಚ್ಚಿ, ಬಾಂಡೆ ತಿರುವಿ, ಅದರ ಮೇಲೆ ಇದ್ದದ್ದನ್ನಷ್ಟೇ ಓದುತ್ತಿದ್ದರು.

“ರಾಣೆಬೆನ್ನೂರ ಮಾಲತೇಶಪ್ಪ, ಒಂದು ತಾಮ್ರದ ಕೊಡ,” ಎಂದಾಗ ಮಾಲತೇಶಪ್ಪ ಪಂಚೆ ಸರಿಮಾಡಿಕೊಂಡು ಸುತ್ತ ನೋಡಿದ. ಆ ಕೊಡಕ್ಕೆ ಹೆಸರು ಹಾಕಲು ಕರಿಯವ್ವ ಅರ್ಧ ದಿನ ಕೂತಿದ್ದಳು.

ಆಮೇಲೆ ಚಮಕಿ ಕಾಗದದ ಬಾಕ್ಸುಗಳು ಬಂದವು.

“ಸುಧಾರಾಣಿ, ವಿಜಯಮಹಾಂತೇಶ, ಮದುವೆಯ ನೆನಪಿಗೆ, ಆರು ತಾಟು.”

ಯಾರೂ ಗಮನಿಸಲಿಲ್ಲ. ಮುಂದಿನದು ಬಿಚ್ಚಿದರು.

“ಸುಧಾರಾಣಿ, ವಿಜಯಮಹಾಂತೇಶ, ಆರು ತಾಟು.” ಮೂರನೆಯದನ್ನು ಬಿಚ್ಚಿ, ಚಸ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಇವರ್ಯಾರಪಾ, ಮೂರು ಮೂರು ಸಲ ಮುಯ್ಯಿ ಮಾಡ್ಯಾರ! ಬಾಳ ದೊಡ್ಡ ಮನಸಿನ ಮಂದಿ.”

“ಅದು ನಂದ್ರೀ ಮಾಸ್ತರ!” ಎಂದು ಹಿಂದಿನಿಂದ ಒಬ್ಬ ಕೂಗಿದ.

“ನಿಂದಾಗಿದ್ರ ನಿನ್ನ ಹೆಸರ ಯಾಕಿಲ್ಲ? ನಿನ್ನ ಹೆಸರ ಸುಧಾರಾಣಿ ಏನ?”

ಪೆಂಡಾಲು ಗೊಳ್ಳೆಂದಿತು. ಐದನೆಯ ಬಾಕ್ಸಿಗೆ ಬರುವ ಹೊತ್ತಿಗೆ ಮಾಸ್ತರು ಓದುವ ಮೊದಲೇ ಹುಡುಗರೆಲ್ಲ ಒಟ್ಟಿಗೆ ಆ ಜೋಡಿಯ ಹೆಸರು ಕೂಗುತ್ತಿದ್ದರು. ಕರಿಯವ್ವ ಮನಸಾರೆ ನಕ್ಕಳು. ಒಂದು ತಿಂಗಳಿಂದ ಮುಚ್ಚಿಟ್ಟ ಸಿಟ್ಟೆಲ್ಲ ನಗೆಯಾಗಿ ಹೊರಗೆ ಬಂತು. ತಗೋರಿ ಡಿಪೋದ ತಾಟು, ಯಾರದೋ ಮುರಿದುಬಿದ್ದ ಮದುವೆಯದೇ ಇರಬೇಕು, ಎಂಜಲು ತಾಟು ಎಂದು ಪಕ್ಕದವಳ ತೊಡೆ ತಟ್ಟಿ ನಕ್ಕಳು. ಏಳನೆಯ ಬಾಕ್ಸು ಬಿಚ್ಚಿದಾಗಲೂ ನಗುತ್ತಲೇ ಇದ್ದಳು. ಆಗ ದೀಪಿಕಾ ಬಾಸಿಂಗದ ಕೆಳಗಿನಿಂದಲೇ, “ಮಾಸ್ತರ, ಅದು ನಮ್ಮಕ್ಕಂದು” ಎಂದಳು.

ಪೆಂಡಾಲಿನ ಕಣ್ಣೆಲ್ಲ ಕರಿಯವ್ವನ ಕಡೆ ತಿರುಗಿತು. ಯಾರೋ, “ಬಾಂಡೆ ಅಂಗಡಿ ಸೊಸೀನೂ ಡಿಪೋದ್ದ ತಂದಾಳ!” ಎಂದರು. ಕರಿಯವ್ವ ಪಕ್ಕದವಳ ತೊಡೆಯ ಮೇಲಿಂದ ಕೈ ತೆಗೆದಳು.

ಮರುದಿನ ಮುಂಜಾನೆ ಉಪ್ಪಿಟ್ಟಿನ ತಾಟು ತಣ್ಣಗಾಯಿತು, ಜಗಳ ಬಿಸಿಯಾಯಿತು.

“ನನ್ನ ಮಾನ ಕಳದಿ. ಮನ್ಯಾಗ ಅಂಗಡಿ ಇಟಗೊಂಡು ಅಲ್ಲಿ ಹೋಗಿ ತಾಟ ತರೋವಂಥಾದ್ದು ಏನಾಗಿತ್ತು? ನನ್ನ ಕೇಳಿದ್ರ ಇಲ್ಲ ಅಂತಿದ್ನಾ?”

“ನೀವು ಕೊಡತಿದ್ರಿ ರೀ ಅತ್ತಿ. ಅದರ ಮ್ಯಾಲ ಯಾರ ಹೆಸರ ಹಾಕತಿದ್ರಿ?”

“ಯಾರ ಹೆಸರ ಅಂದ್ರ? ಮನಿ ಯಜಮಾನರದು. ನಿಮ್ಮ ಮಾವಂದು.”

“ಅದಕ್ಕ ರೀ.” ಪ್ರಿಯಾಂಕಾ ಸಣ್ಣ ಧ್ವನಿಯಲ್ಲಿ, ಆದರೆ ನಿಲ್ಲಿಸದೆ ಹೇಳಿದಳು. “ಮಾವಾರ ಹೆಸರಿನ ಕೊಡ ಹೋತು, ಚಲೋ ಆತು. ಅಕಿ ನನ್ನ ತಂಗಿ ರೀ. ಫಾಲ್ ಹಚ್ಚಿದ ರೊಕ್ಕದಾಗ ನಾ ಕೊಟ್ಟದ್ದು ಅಂತ ಒಂದು ಇರಲಿ ಅನಿಸಿತು. ನೀವು ಬ್ಯಾರೆ ಅಂಗಡಿ ಬಾಂಡೆಗೆ ಹೆಸರ ಹಾಕಂಗಿಲ್ಲ, ಅದಕ್ಕ ಹಂಗ ಕೊಟ್ಟೆ. ಹಿಂದ ಮಂದಿ ಹೆಸರ ಐತಿ ಅಂತ ನನಗೇನ ಗೊತ್ತು?”

ಕಿರಣ ಬಾಯಿ ತೆರೆದ. “ನೀ ಸುಮ್ಕಿರು,” ಎಂದರು ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ. ಅಂದಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಕರಿಯವ್ವ ತಣ್ಣಗಾದ ಉಪ್ಪಿಟ್ಟನ್ನು ಬಾಣಲೆಗೆ ಸುರುವಿ ಮತ್ತೆ ಬಿಸಿ ಮಾಡಿದಳು. ಸೊಸೆಗೆ ಮೊದಲು ಬಡಿಸಿದಳು.

ಗಣಪತಿ ಕಳಿಸಿದ ಮೂರನೆಯ ದಿನ ಐರಣಿಯ ಶಾರದವ್ವ ಮತ್ತೆ ಅಂಗಡಿಗೆ ಬಂದಳು. ಈ ಸಲ ಜೊತೆಗೆ ಎತ್ತರದ ಹುಡುಗಿಯೊಬ್ಬಳು, ಹೆಗಲಿಗೆ ಶಾಲೆ ಚೀಲ. ಶಾರದವ್ವ ಆ ಎರಡು ಬಾಕ್ಸು ಮಣೆಯ ಮುಂದಿಟ್ಟು ಒಂದು ತಾಟು ತಿರುವಿ ಹಿಡಿದಳು.

“ಅವತ್ತ ನೀವು ಒಂದು ತಾಟ ತಿರುವಿ ನೋಡಿದ್ರ ಇಷ್ಟ ಆಗತಿರಲಿಲ್ಲ. ಬ್ಯಾಡಗಿಗೆ ಹೋದೆ. ಅಲ್ಲಿಯವ ತಿರುವಿ ನೋಡಿ, ಇದರಾಗ ಆಗಲೇ ಹೆಸರ ಐತಲ್ಲ ಅಂದ. ಓದಿ ಹೇಳಿದ. ನನ್ನ ಸೊಸಿ ಆಗೋ ಹುಡಿಗಿ ಹೆಸರ, ಬಾಜೂಕ ಬ್ಯಾರೆ ಹುಡುಗಂದು!”

“ಸುಧಾರಾಣಿ ಅಂದ್ರ ನಾನ ರೀ,” ಎಂದಳು ಹುಡುಗಿ.

ಕರಿಯವ್ವ ಕುಡಿಯುತ್ತಿದ್ದ ಚಾದ ಕಪ್ಪು ಕೆಳಗಿಟ್ಟು ಅವಳ ಕಡೆ ತಿರುಗಿದಳು.

ಹುಡುಗಿ ಹಾವೇರಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು, ಮಾತೂ ಗಣಿತದಷ್ಟೇ ನೆಟ್ಟಗೆ. “ಹೋದ ವರ್ಷ ಆ ಹುಡುಗನ ಮನಿಗೆ ನನ್ನ ಕೊಡೋದಿತ್ರಿ. ತಾಟಿಗೆ ಹೆಸರ ಬಿದ್ದ ಮ್ಯಾಲ ಅವರು ಕಾರ ಕೇಳಿದ್ರು. ಅಪ್ಪ ಹೊಲ ಮಾರತೇನಿ ಅಂದ. ನಾ ಬ್ಯಾಡ ಅಂದೆ. ಮದುವಿ ಮುರೀತು, ತಾಟ ಕಾರಖಾನಿಗೆ ತಿರುಗಿ ಹೋದುವು. ಇದನ್ನ ಈ ಅತ್ತಿಗೂ ಹೇಳೇವಿ, ಇವರ ಮಗ ಬೀರೇಶಗೂ ಹೇಳೇವಿ. ಮುಚ್ಚಿಟ್ಟದ್ದು ಏನೂ ಇಲ್ಲ.”

“ಹಂಗಾರ ಚಿಂತಿ ಏನವಾ?”

“ಐವತ್ತು ಬಾಕ್ಸ್ ಇದ್ದುವು ರೀ, ಮುನ್ನೂರು ತಾಟ. ಎಲ್ಲಾ ಇದ ಸುತ್ತಮುತ್ತ ಊರಾಗ ಮಾರಾಟ ಆಗ್ಯಾವ. ನಾಳೆ ನನ್ನ ಮದುವ್ಯಾಗ ಮುಯ್ಯಿ ಓದೋಮುಂದ ಅವನ ಹೆಸರ ಮೈಕಿನ್ಯಾಗ ಬಂದ್ರ? ಅಗಡ್ಯಾಗ ಆದದ್ದು ಕೇಳೇನಿ. ಅಲ್ಲಿ ನಗಿ ಆತು. ಐರಣ್ಯಾಗ ನಗಿ ಆಗಂಗಿಲ್ರಿ. ನಮ್ಮಪ್ಪ ತಲಿ ತಗ್ಗಿಸಿ ಕುಂದರತಾನ.”

ಅಗಡಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ತಾನೇ ಎಂಬುದು ಕರಿಯವ್ವನಿಗೆ ನೆನಪಾಯಿತು. ಅವಳು ತಾಟು ಇಸಿದುಕೊಂಡು ಬೆರಳಿನಿಂದ ಅಕ್ಷರ ಸವರಿದಳು. ಕೆಲಸ ಮೇಲುಮೇಲಿನದು, ಆಳವಿರಲಿಲ್ಲ.

“ಸಾಣಿ ಹಿಡದ್ರ ಹೋಗತೈತಿ,” ಎಂದಳು. “ಪ್ರಿಯಾಂಕಾ, ಇವರಿಗೆ ಚಾ ಕೊಡು. ನಾ ರಸ್ತೆ ದಾಟಿ ಬರ್ತೇನಿ.”

ಡಿಪೋ ತೆರೆದು ಎರಡು ತಿಂಗಳಾಗಿದ್ದರೂ ಕರಿಯವ್ವ ಅದರ ಹೊಸ್ತಿಲು ತುಳಿದಿರಲಿಲ್ಲ. ಗಲ್ಲಾದ ಹತ್ತಿರ ಅಸ್ಲಮ್ ತಲೆಯ ಮೇಲೆ ಕೈಯಿಟ್ಟು ಕೂತಿದ್ದ. ಅಗಡಿಯ ಸುದ್ದಿ ಹಬ್ಬಿ, ತಾಟು ತಿರುಗಿಸಲು ಬಂದವರ ಬಾಯಿಗೆ ಅವನು ದಿನವೂ ಬೀಳುತ್ತಿದ್ದ. ಕಿರಣ ಅವ್ವನನ್ನು ನೋಡಿ ಬಕೀಟಿನ ಸಾಲಿನ ಹಿಂದೆ ಸರಿದ.

“ಅಸ್ಲಮಣ್ಣ, ಮಾರೋ ಮುಂದ ತಾಟ ತಿರುವಿ ನೋಡಂಗಿಲ್ಲೇನು?”

“ತಪ್ಪಾತ್ರಿ ಅವ್ವಾರ. ಕಿಲೋದ ಲೆಕ್ಕದಾಗ ತಂದದ್ದು, ಬಾಕ್ಸ್ ಬಿಚ್ಚಲೇ ಇಲ್ಲ.”

“ನಾನೂ ತಿರುವಿ ನೋಡಲಿಲ್ಲ ಬಿಡು. ಈಗ ಕೇಳು. ತಾಟ ತಿರುಗಿ ತಗೋಬ್ಯಾಡ. ಎಲ್ಲಾ ನನ್ನ ಕಡೆ ಕಳಸು. ಹಳೀ ಹೆಸರ ತಗಿಯೋ ಖರ್ಚು ನಿಂದು. ಹೊಸಾ ಹೆಸರ ಹಾಕಸೋದು ಅವರವರ ಖರ್ಚು. ಇನ್ನ ಮುಂದ ನಿನ್ನ ಅಂಗಡಿ ಬಾಂಡೆಗೆ ಹೆಸರ ಬೇಕಂದವರನ್ನೂ ನನ್ನ ಕಡೆನ ಕಳಸಬೇಕು.”

“ನೀವು ಬ್ಯಾರೆ ಅಂಗಡಿ ಬಾಂಡೆಗೆ ಹಾಕಂಗಿಲ್ಲ ಅಂತ ಕಿರಣ ಹೇಳಿದ್ದ.”

“ಹಾಕತಿರಲಿಲ್ಲ. ಇವತ್ತಿಂದ ಹಾಕತೇನಿ. ಇನ್ನೊಂದು ಮಾತು. ಆಟೋದಾಗ ಮೈಕ್ ಕಟ್ಟಿ ಹಳ್ಳಿ ಹಳ್ಳಿಗೆ ಸಾರಸು. ಆದ್ರ ಆ ಹುಡಿಗಿ ಹೆಸರ ಮೈಕಿನ್ಯಾಗ ಬರಬಾರದು. ಬಂತೋ, ನಿನ್ನ ಬ್ಯಾನರ್ ನಾನ ಕಿತ್ತ ಒಗೀತೇನಿ.”

ಅಸ್ಲಮ್ ನಕ್ಕು ಕೈ ಮುಗಿದ. “ಕಬೂಲ್ ರೀ ಅವ್ವಾರ.”

ಮರುದಿನದಿಂದ ಆಟೋ ತಿರುಗಿತು. ಸಾರುವ ಮಾತನ್ನು ಬರೆದುಕೊಟ್ಟವನು ಕಿರಣ: ‘ಡಿಪೋದಲ್ಲಿ ಕೊಂಡ ಆರು ತಾಟಿನ ಬಾಕ್ಸುಗಳನ್ನು ದಯವಿಟ್ಟು ತಂದು ಹೆಸರು ತಿದ್ದಿಸಿಕೊಳ್ಳಿ, ವಿಳಾಸ, ಕರಿಯವ್ವನ ಬಾಂಡೆ ಅಂಗಡಿ.’ ಬರೆಯುವಾಗ ಅವನು ಏನೂ ಯೋಚಿಸಿರಲಿಲ್ಲ. ಊರೆಲ್ಲ ಹಾಗೆಯೇ ಕರೆಯುತ್ತಿತ್ತು, ಹಾಗೆಯೇ ಬರೆದ. ಬೋರ್ಡು ಓದುವವರು ಆ ಮನೆಯಲ್ಲಷ್ಟೇ ಇದ್ದರೆಂದು ಕಾಣುತ್ತದೆ.

ಆಮೇಲಿನ ವಾರಗಳಲ್ಲಿ ಮನೆಯ ಲೆಕ್ಕವೇ ತಿರುವುಮುರುವಾಯಿತು. ಸಾಣೆಯ ಚಕ್ರಕ್ಕೆ ಪ್ರಿಯಾಂಕಾ ಕೂತಳು. ಮೊದಲ ದಿನ ನಾಲ್ಕು ತಾಟಿನ ಹೊಳಪು ಹಾಳು ಮಾಡಿದಳು, ಎರಡನೆಯ ದಿನ ಒಂದು, ಮೂರನೆಯ ದಿನದಿಂದ ಹೆಸರಿದ್ದ ಜಾಗ ಯಾವುದೆಂದು ಅವಳೇ ಹುಡುಕಬೇಕಾಗುತ್ತಿತ್ತು. ಕರಿಯವ್ವ ಮಷಿನ್ನು ಬಿಟ್ಟು ಏಳುತ್ತಿರಲಿಲ್ಲ. ಹೀಗಾಗಿ ರೊಟ್ಟಿ ಪೇಟೆಯ ಖಾನಾವಳಿಯಿಂದ ಬಂತು, ಅನ್ನ ಸಾರು ಮಾಲತೇಶಪ್ಪನ ಪಾಲಿಗೆ ಬಂತು.

“ಸಾರಿಗೆ ಉಪ್ಪು ಎಷ್ಟ ಹಾಕಲಿ?” ಎಂದು ಅವನು ಮನೆಯಿಂದ ಫೋನು ಮಾಡುತ್ತಿದ್ದ.

“ಕಮ್ಮಿ ಅಂದ್ರೂ ಖರೇ, ಹೆಚ್ಚು ಅಂದ್ರೂ ಸುಳ್ಳಲ್ಲ,” ಎನ್ನುತ್ತಿದ್ದಳು ಕರಿಯವ್ವ. ಸಾಣೆಯ ಸದ್ದಿನ ನಡುವೆಯೂ ಪ್ರಿಯಾಂಕಾ ನಗುವುದು ಅವನಿಗೆ ಕೇಳಿಸುತ್ತಿತ್ತು.

ಹೆಸರಿಗೆ ಬಂದವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಒಬ್ಬಳಿಗೆ ಸೌಟು ಬೇಕಾಗುತ್ತಿತ್ತು, ಇನ್ನೊಬ್ಬಳಿಗೆ ಡಿಪೋದಲ್ಲಿ ಸಿಗದ ಹಿತ್ತಾಳೆಯ ಆರತಿ. ಸಂತೆಯಲ್ಲಿ ಮಾತು ಬಿಟ್ಟಿದ್ದ ಹದಿನೇಳು ಮಂದಿಯಲ್ಲಿ ಹದಿನೈದು ಮಂದಿ ತಿರುಗಿ ಮಾತು ಆಡಿದರು. ಉಳಿದಿಬ್ಬರು ಮೊದಲೂ ಸರಿಯಾಗಿ ಮಾತಾಡುತ್ತಿರಲಿಲ್ಲ. ದಿನವೂ ಸಂಜೆ ಪ್ರಿಯಾಂಕಾ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು, ಬಾಕ್ಸಿಗೆ ಒಂದರಂತೆ. ನರಕ ಚತುರ್ದಶಿಯ ಹೊತ್ತಿಗೆ ನಲವತ್ತೊಂಬತ್ತು ಗೆರೆ. ಒಂದು ಬಾಕ್ಸು ಮಾತ್ರ ಎಲ್ಲಿಂದಲೂ ಬರಲಿಲ್ಲ.

ದೀಪಾವಳಿ ಅಮಾವಾಸ್ಯೆಯ ಮುಂಜಾನೆ ಹಾವೇರಿಯ ಮೊಬೈಲ್ ಅಂಗಡಿಯವನು ಟೇಪು ಹಿಡಿದುಕೊಂಡು ಬಂದ. ಅಂಗಡಿಯ ಮೆಟ್ಟಿಲ ಮೇಲೆ ಜನ, ಒಳಗೆ ಜನ. ಗೋಡೆಯ ಅಳತೆ ತೆಗೆಯಲು ಮೂರು ಹೆಂಗಸರನ್ನು ಎಬ್ಬಿಸಬೇಕಾಗಿತ್ತು, ಅವರು ಏಳಲಿಲ್ಲ. ಕಿರಣ ಡಿಪೋದಿಂದ ಓಡಿ ಬಂದ. ಅಪ್ಪನ ಕಡೆ ನೋಡಿದ.

“ಅಪ್ಪಾ, ನೀನ ಹೇಳು. ಅಂಗಡಿ ನಿನ್ನ ಹೆಸರಲೆ ಐತಿ.”

ಮಾಲತೇಶಪ್ಪ ಕೈಯಲ್ಲಿದ್ದ ಸಾರಿನ ಡಬ್ಬಿ ಕೆಳಗಿಟ್ಟ. ಕರಿಯವ್ವ ಮಷಿನ್ನು ಬಂದ್ ಮಾಡಿದಳು. ಇವರು ಈಗಲೂ ಎರಡೂ ಖರೇ ಅಂದರೆ ಕೀಲಿಕೈ ಇವರ ಮುಖದ ಮೇಲೆ ಒಗೆಯುವುದೇ ಎಂದು ಸೊಂಟಕ್ಕೆ ಕೈ ಹಾಕಿದಳು.

“ನನ್ನ ಹೆಸರಲೆ ಐತಿ, ಖರೇ,” ಎಂದ ಮಾಲತೇಶಪ್ಪ. “ಆದ್ರ ಅಂಗಡಿ ನಂದಲ್ಲಪಾ. ನಾ ಬರೇ ಬೋರ್ಡ್. ಈ ತಮ್ಮಗ ಚಾ ಕುಡಿಸಿ ಕಳಸು.”

ಕಿರಣ ಸ್ವಲ್ಪ ಹೊತ್ತು ಟೇಪಿನವನನ್ನು, ಸ್ವಲ್ಪ ಹೊತ್ತು ಮೆಟ್ಟಿಲ ಮೇಲಿನ ಸಾಲನ್ನು ನೋಡಿದ. “ಬರ್ರಿ ಅಣ್ಣಾ, ಚಾ ಕುಡಿಯೂಣು,” ಎಂದು ಅವನ ಹೆಗಲ ಮೇಲೆ ಕೈಹಾಕಿ ಕರೆದುಕೊಂಡು ಹೋದ. ಹೋಗುವಾಗ ತಿರುಗಿ, “ಅವ್ವಾ, ಡಿಪೋದಾಗ ಆರು ಕೊಡ ಅದಾವ ಹೆಸರಿಗೆ, ಸಂಜೀಕ ತರ್ತೇನಿ,” ಎಂದ. ಕರಿಯವ್ವ ಸೊಂಟದಿಂದ ಕೈ ತೆಗೆದು ಮಷಿನ್ನು ಚಾಲೂ ಮಾಡಿದಳು. ಕಣ್ಣು ತುಂಬಿತ್ತು, ಮೊದಲ ಅಕ್ಷರ ಸ್ವಲ್ಪ ಸೊಟ್ಟ ಬಂತು.

ತುಳಸಿ ಲಗ್ನವಾಗಿ ಎಂಟು ದಿನಕ್ಕೆ ಐರಣಿಯಲ್ಲಿ ಮದುವೆ. ಸುಧಾರಾಣಿಯ ಪಕ್ಕದಲ್ಲಿ ಬೀರೇಶ, ಬಾಸಿಂಗ ಜಾರಿದಾಗಲೆಲ್ಲ ಅವಳೇ ಸರಿಮಾಡುತ್ತಿದ್ದಳು. ಶಾರದವ್ವ ಕರಿಯವ್ವನ ಮನೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದಳು. ಊಟವಾಯಿತು. ಮುಯ್ಯಿ ಓದಲು ಅಗಡಿಯ ಅಜ್ಜಪ್ಪ ಮಾಸ್ತರನ್ನೇ ಕರೆಸಿದ್ದರು. ಇಷ್ಟು ಖಡಕ್ಕಾಗಿ ಓದುವವರು ಬೇರೆ ಯಾರಿದ್ದಾರೆ ಎಂದು ಶಾರದವ್ವನ ಹಟ.

ಕರಿಯವ್ವ ಮುಯ್ಯಿಯ ರಾಶಿಯಲ್ಲಿ ತಾಟಿನ ಬಾಕ್ಸು ಎಷ್ಟಿವೆಯೆಂದು ಎಣಿಸಿದಳು. ಆ ಐವತ್ತನೆಯ ಬಾಕ್ಸು ಇಲ್ಲಿಗೇ ಬಂದಿದ್ದರೆ? ಚಮಕಿ ಕಾಗದದ ಬಾಕ್ಸೊಂದನ್ನು ಮಾಸ್ತರು ಎತ್ತಿಕೊಂಡರು. ಹುಡುಗಿಯ ಅಪ್ಪ ಕಂಬಕ್ಕೆ ಒರಗಿ ಕೂತಿದ್ದವನು ನೆಟ್ಟಗಾದ. ಸುಧಾರಾಣಿ ಕರಿಯವ್ವನ ಕಡೆ ನೋಡಿದಳು. ಮಾಸ್ತರು ಕಾಗದ ಹರಿದು, ತಾಟು ತಿರುವಿ, ಚಸ್ಮಾದ ಹತ್ತಿರ ಹಿಡಿದರು.

“ಮೇಡ್ಲೇರಿ ಗದಿಗೆವ್ವ, ಆರು ತಾಟು!”

ಅದು ಕರಿಯವ್ವನದೇ ಅಕ್ಷರ. ಇನ್ನೊಂದು ಬಾಕ್ಸು, ಅದೂ ಅವಳದೇ ಅಕ್ಷರ. ಮತ್ತೊಂದು. ಆಗ ಮಾಲತೇಶಪ್ಪ ಅವಳ ಕಿವಿಯ ಹತ್ತಿರ ಬಗ್ಗಿದ.

“ಕರಿಯವ್ವಾ, ನೀ ಯಾಕ ಅಂಜತಿ. ಆ ಐವತ್ತನೇದು ಬರಂಗಿಲ್ಲ.”

“ನಿಮಗ ಹೆಂಗ ಗೊತ್ತು?”

“ನಮ್ಮ ಅಟ್ಟದ ಮ್ಯಾಲ ಐತಿ. ಮಗ್ಗಿನ ಜೋಡಿನ ತಂದಿದ್ದೆ. ನೀ ಬೈತಿ ಅಂತ ಹೇಳಲಿಲ್ಲ.”

ಕರಿಯವ್ವ ಬಾಯಿ ತೆರೆದಳು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಾಸ್ತರು ದೊಡ್ಡ ಹಿತ್ತಾಳೆಯ ಕೊಡವೊಂದನ್ನು ಎರಡೂ ಕೈಯಲ್ಲಿ ಎತ್ತಿ ತಿರುವಿದರು. ಒಮ್ಮೆ ಓದಿ, ಮತ್ತೆ ಓದಿಕೊಂಡರು. ಬಾಂಡೆಯ ಮೇಲೆ ಇದ್ದದ್ದನ್ನಷ್ಟೇ ಓದುವವರು ಅವರು.

“ರಾಣೆಬೆನ್ನೂರ ಕರಿಯವ್ವ, ಸೊಸಿ ಪ್ರಿಯಾಂಕಾ. ಒಂದು ಕೊಡ!”

ಮೈಕಿನಲ್ಲಿ ಬಂದ ತನ್ನ ಹೆಸರು ಕೇಳಿ ಪ್ರಿಯಾಂಕಾ ಅತ್ತೆಯ ಕೈ ಹಿಡಿದಳು. ಊರವರ ಹೆಸರನ್ನೆಲ್ಲ ಮೂವತ್ತೊಂದು ವರ್ಷ ಬರೆದ ಕೈ ಅದು, ತನ್ನ ಹೆಸರು ಬರೆದದ್ದು ಇದೇ ಮೊದಲು. ಮಾಲತೇಶಪ್ಪ ಸುತ್ತ ನೋಡಿ, ಪಂಚೆ ಸರಿಮಾಡಿಕೊಂಡು, ಮೆಲ್ಲಗೆ ಕೇಳಿದ:

“ನನ್ನ ಹೆಸರ?”

“ಅಟ್ಟದ ಮ್ಯಾಲಿನ ತಾಟಿಗೆ ಹಾಕ್ತೇನಿ ನಡೀರಿ,” ಎಂದಳು ಕರಿಯವ್ವ.